ತಾರಸಿ ಯಾರದ್ದು? ದೇವರಾಜ ಮಾರುಕಟ್ಟೆಯ ಪ್ರಕರಣ

2016ರ ಆಗಸ್ಟ್ 28, ಭಾನುವಾರ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲಿನ ಭಾಗ ಕುಸಿದು ಬಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಸೋಜಿಗ ಏನಂದರೆ, ಆಗ ಅಲ್ಲಿ ದುರಸ್ತಿ ಕೆಲಸ ನಡೆಯುತ್ತಿತ್ತು. ವರ್ಷಗಟ್ಟಲೆ ಯಾರೂ ಮುಟ್ಟದೆ ನಿಂತಿದ್ದ ಕಟ್ಟಡ, ಮುಟ್ಟಿದ ಮೇಲೆ ಬಿತ್ತು.

ಅದಕ್ಕೆ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್ 25ರಂದು, ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತಿದ್ದರು. ಒಂದು ಮಾರುಕಟ್ಟೆಯ ಉತ್ತರದ ತುದಿ, ಇನ್ನೊಂದು ಅದರ ದಕ್ಷಿಣದ ತುದಿಯ ಚಿಕ್ಕ ಗಡಿಯಾರದ ಪಕ್ಕ. ನಡುವೆ ಐದಾರು ನಿಮಿಷದ ನಡಿಗೆ.

ಆಮೇಲೆ ಶುರುವಾದ ಜಗಳ ಎಲ್ಲರಿಗೂ ಗೊತ್ತಿರುವಂಥದ್ದೇ. ಕೆಡವಬೇಕು ಅಂತ ಕೆಲವರು, ಉಳಿಸಬೇಕು ಅಂತ ಕೆಲವರು. ಈ ಬರಹದಲ್ಲಿ ನಾನು ಆ ಜಗಳಕ್ಕಿಂತ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಈ ಕಟ್ಟಡಗಳು ವಯಸ್ಸಾಗಿ ಬಿದ್ದವು ಅನ್ನುವುದು ಅರ್ಧ ಮಾತ್ರ ನಿಜ. ಅವುಗಳ ತಾರಸಿ ಯಾರ ಜವಾಬ್ದಾರಿಯೂ ಆಗಿರಲಿಲ್ಲ. ಉಳಿದರ್ಧ ಅದು.

ಮೊದಲು ಜಾಗ ನೋಡೋಣ. ಕೆ.ಆರ್. ವೃತ್ತದಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಉತ್ತರಕ್ಕೆ ನಡೆದರೆ ಎಡಗಡೆ ಉದ್ದಕ್ಕೆ ಸಾಲು ಅಂಗಡಿ. ಆ ಸಾಲಿನ ಹಿಂದೆ ಮಾರುಕಟ್ಟೆ. ಹೊರಗಿನಿಂದ ನೋಡಿದರೆ ಒಳಗೆ ಇಷ್ಟು ದೊಡ್ಡ ಊರೇ ಇದೆ ಅಂತ ಗೊತ್ತಾಗುವುದಿಲ್ಲ. ಒಳಗೆ ಕಾಲಿಟ್ಟರೆ ಉದ್ದಾನುದ್ದ ಓಣಿಗಳು. ಹೂವಿನವರದು ಒಂದು ಕಡೆ, ಬಾಳೆಹಣ್ಣಿನವರದು ಒಂದು ಕಡೆ, ತರಕಾರಿ, ವೀಳ್ಯದೆಲೆ, ಅರಿಶಿನ ಕುಂಕುಮ, ಗಂಧದಕಡ್ಡಿ, ಪಾತ್ರೆ. 800ಕ್ಕೂ ಹೆಚ್ಚು ಅಂಗಡಿ. ಪ್ರವಾಸಿಗರು ಫೋಟೋ ತೆಗೆಯುವುದು ಬಣ್ಣಬಣ್ಣದ ಕುಂಕುಮದ ಗುಡ್ಡೆಗಳನ್ನು. ಊರಿನವರು ಹೋಗುವುದು ಮಲ್ಲಿಗೆಗೆ, ಚಿಗುರೆಲೆಗೆ, ಸಿಕ್ಕರೆ ನಂಜನಗೂಡು ರಸಬಾಳೆಗೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಈ ಮೂರಕ್ಕೂ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಂದರೆ ಬೆಳೆಗೆ ಕಾಗದದ ಮೇಲೆ ರಕ್ಷಣೆ ಸಿಕ್ಕಿದೆ. ಅದನ್ನು ಮಾರುವ ಜಾಗದ್ದೇ ತಕರಾರು.

ಈ ಮಾರುಕಟ್ಟೆ ತಾನಾಗಿ ಬೆಳೆದ ಸಂತೆ ಅಂತ ಅಂದುಕೊಳ್ಳುವವರು ಇದ್ದಾರೆ. ಸಂತೆಯ ಬೇರು ಹಳೆಯದು ಇರಬಹುದು. ಈಗ ಕಾಣುವ ಕಟ್ಟಡ ಮಾತ್ರ ಪಕ್ಕಾ ಯೋಜನೆಯ ಕೂಸು. 1881ರಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ವಾಪಸ್ ಕೊಟ್ಟರು. ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲ. ಊರಿನ ನಡುವೆ ದಿವಾನ್ ಪೂರ್ಣಯ್ಯನವರ ಕಾಲದ ನಾಲೆಯೊಂದು ಇತ್ತು. ಕಾವೇರಿ ನೀರು ತರಬೇಕು ಅಂತ ತೋಡಿಸಿದ್ದು. ನೀರು ಬರಲಿಲ್ಲ. ಕೊನೆಗೆ ಕೊಳಚೆ ನಿಂತು ರೋಗದ ಗುಂಡಿಯಾಯಿತು. ಆ ತಗ್ಗನ್ನು ಮುಚ್ಚಿ, ಅದರ ಮೇಲೆ ಅಗಲವಾದ ನೇರ ರಸ್ತೆ ಮಾಡಿ, ಬರೋಡಾದ ಮಹಾರಾಜರ ಹೆಸರಿಟ್ಟರು. ಅದೇ ಸಯ್ಯಾಜಿರಾವ್ ರಸ್ತೆ. ರಸ್ತೆಯ ಪಕ್ಕಕ್ಕೆ ಮಾರುಕಟ್ಟೆ, ಅದರ ತುದಿಗೆ 1886ರಲ್ಲಿ ವೈಸ್‌ರಾಯ್ ಡಫರಿನ್ ಬಂದ ನೆನಪಿಗೆ ಗಡಿಯಾರದ ಕಂಬ, 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ ಅಂಗಡಿ ಸಾಲಿನ ಕಟ್ಟಡ. ಇಂದು ನಾವು ಭೂಬಳಕೆ ಯೋಜನೆ ಅನ್ನುತ್ತೇವಲ್ಲ, ಆಗ ಅವರು ಮಾಡಿದ್ದು ಅದನ್ನೇ. ಕೊಳಚೆ ತೆಗೆದರು, ವ್ಯಾಪಾರಕ್ಕೆ ಜಾಗ ಗೊತ್ತು ಮಾಡಿದರು, ಅರಮನೆಯ ಎದುರಿನ ಬೀದಿಗೆ ಒಂದು ಅಂದ ಕೊಟ್ಟರು. 1903ರಲ್ಲೇ ಈ ಊರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅದೇ ಮುಂದೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಆಯಿತು. ಯೋಜನೆಯ ವಿಷಯದಲ್ಲಿ ಇಷ್ಟು ಮುಂದಿದ್ದ ಊರು ಒಂದು ಮಾರುಕಟ್ಟೆಯನ್ನು ಏನು ಮಾಡಬೇಕು ಅಂತ ತೀರ್ಮಾನಿಸಲು ಇಷ್ಟು ಒದ್ದಾಡಿದ್ದು ನೋಡಿದರೆ ಬೇಜಾರಾಗುತ್ತದೆ.

ಈಗ ತಾರಸಿಗೆ ಬರೋಣ. ಆ ಕಾಲದ ಕಟ್ಟಡಗಳದ್ದು ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮರದ ತೊಲೆ. ಸಿಮೆಂಟು, ಕಬ್ಬಿಣದ ಸರಳು ಇಲ್ಲ. ಚಾವಣಿಗೆ ಬಳಕೆಯಲ್ಲಿದ್ದದ್ದು ಮದ್ರಾಸ್ ತಾರಸಿ. ತೊಲೆಗಳನ್ನು ಗೋಡೆಯಿಂದ ಗೋಡೆಗೆ ಹಾಕುತ್ತಾರೆ. ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಒಂದಕ್ಕೊಂದು ಒತ್ತಿ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿ ಹರಡಿ, ಮರದ ಹಲಗೆಯಿಂದ ದಿನಗಟ್ಟಲೆ ಬಡಿಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತಾ ಬಡಿಯಬೇಕು. ಹೆಂಗಸರು ಸಾಲಾಗಿ ಕೂತು ಹಾಡಿಕೊಂಡು ಗಾರೆ ಬಡಿಯುತ್ತಿದ್ದದ್ದನ್ನು ನಮ್ಮ ಅಜ್ಜಿಯ ತಲೆಮಾರಿನವರು ಕಂಡಿದ್ದಾರೆ.

ಈ ತಾರಸಿ ಗಟ್ಟಿ. ಆದರೆ ಅದಕ್ಕೊಂದು ಷರತ್ತಿದೆ. ವರ್ಷಕ್ಕೊಮ್ಮೆ ಯಾರಾದರೂ ಮೇಲೆ ಹತ್ತಲೇಬೇಕು. ಎಲೆ, ಕಸ ಕಟ್ಟಿದ ಮಳೆನೀರಿನ ದೋಣಿಯನ್ನು ಬಿಡಿಸಬೇಕು. ಬಿರುಕಿಗೆ ಸುಣ್ಣ ತುಂಬಬೇಕು. ಮೂಲೆಯಲ್ಲಿ ಚಿಗುರಿದ ಅರಳಿ ಗಿಡ ಕೀಳಬೇಕು. ಇದೇನು ದೊಡ್ಡ ಕೆಲಸ ಅಲ್ಲ. ಬಿಟ್ಟರೆ ಮಾತ್ರ ಕಥೆ ಬೇರೆ. ನೀರು ಗೋಡೆಯೊಳಗೆ ಇಳಿಯುತ್ತದೆ. ಮೊದಲು ಕೊಳೆಯುವುದು ತೊಲೆಯ ತುದಿ, ಅಂದರೆ ಗೋಡೆಯೊಳಗೆ ಹೂತಿರುವ ಭಾಗ. ಕೆಳಗೆ ನಿಂತು ನೋಡಿದರೆ ತೊಲೆ ಚೆನ್ನಾಗೇ ಕಾಣುತ್ತದೆ. ಕೊಳೆತಿರುವುದು ಕಾಣದ ಜಾಗದಲ್ಲಿ. ಅರಳಿಯ ಬೇರು ಗಾರೆಯನ್ನು ಸೀಳಿಕೊಂಡು ಹೋಗಿರುತ್ತದೆ. ಅದನ್ನು ಮೇಲೆ ಕತ್ತರಿಸಿದರೆ ಪ್ರಯೋಜನ ಇಲ್ಲ, ಮತ್ತೆ ಚಿಗುರುತ್ತದೆ.

ಇನ್ನೊಂದು ತಪ್ಪು ಒಳ್ಳೆಯ ಉದ್ದೇಶದಿಂದಲೇ ಆಗುತ್ತದೆ. ಸೋರುತ್ತಿದೆ ಅಂತ ಮೇಲೊಂದು ಪದರ ಸಿಮೆಂಟು ಸಾರಿಸುತ್ತಾರೆ. ಎರಡು ವರ್ಷಕ್ಕೆ ಅದು ಬಿರುಕು ಬಿಟ್ಟರೆ ಇನ್ನೊಂದು ಪದರ. ಸುಣ್ಣದ ಗೋಡೆ ಉಸಿರಾಡುತ್ತದೆ, ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಳಿದರೆ ಆ ನೀರು ಒಳಗೇ ಉಳಿಯುತ್ತದೆ. ಮೇಲೆ ಭಾರ ಜಾಸ್ತಿ, ಒಳಗೆ ತೇವ ಜಾಸ್ತಿ. ಹಳೇ ಮನೆ ಇರುವವರಿಗೆ ಇದು ಅನುಭವದ ಮಾತು. ಹೀಗಿರುವಾಗ ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆಯ ಆಸರೆ ತಪ್ಪುತ್ತದೆ. ಕಮಾನು ಪಕ್ಕದ ಗೋಡೆಗೆ ಒರಗಿಕೊಂಡು ನಿಂತಿರುತ್ತದೆ. ಊರುಗೋಲು ಕೊಡದೆ ಪಕ್ಕದ್ದನ್ನು ಮುಟ್ಟುವ ಹಾಗಿಲ್ಲ. ಆ ಭಾನುವಾರ ಸರಿಯಾಗಿ ಏನಾಯಿತು ಅಂತ ತೀರ್ಪು ಕೊಡುವುದು ನನ್ನ ಕೆಲಸ ಅಲ್ಲ. ಹಳೇ ಗಾರೆ ಕಟ್ಟಡದ ದುರಸ್ತಿ ಅಂದರೆ ಹೊಸ ಕಟ್ಟಡ ಕಟ್ಟುವುದಕ್ಕಿಂತ ಹೆಚ್ಚು ಜಾಣತನ ಬೇಡುವ ಕೆಲಸ ಅಂತ ಮಾತ್ರ ಹೇಳಬಲ್ಲೆ.

ಹಾಗಾದರೆ ಪ್ರತಿ ವರ್ಷ ಮೇಲೆ ಹತ್ತಬೇಕಾದವರು ಯಾರು?

ಮಾರುಕಟ್ಟೆಯ ಮಾಲೀಕ ಮಹಾನಗರ ಪಾಲಿಕೆ. ವ್ಯಾಪಾರಿಗಳು ಬಾಡಿಗೆದಾರರು. ಬಾಡಿಗೆ ಬಹಳ ಹಳೆಯದು, ಬಹಳ ಕಡಿಮೆ. ನಾಲ್ಕು ತಲೆಮಾರಿನಿಂದ ಕೂತಿರುವ ಕುಟುಂಬಗಳಿವೆ. ಪಾಲಿಕೆ ಲೆಕ್ಕದಲ್ಲಿ ಈ ಬಾಡಿಗೆಯಿಂದ ತಾರಸಿ ರಿಪೇರಿ ಮಾಡಿಸುವಷ್ಟು ಹಣ ಹುಟ್ಟುವುದಿಲ್ಲ. ವ್ಯಾಪಾರಿಯ ಲೆಕ್ಕದಲ್ಲಿ ತಾರಸಿ ತನ್ನದಲ್ಲ, ನಾಳೆ ಖಾಲಿ ಮಾಡಿ ಅಂದರೆ ಹಾಕಿದ ದುಡ್ಡು ನೀರಿಗೆ. ಹೀಗಾಗಿ ಕೆಳಗೆ ಅಂಗಡಿಯವರು ತಮ್ಮ ತಮ್ಮ ಚೌಕಕ್ಕೆ ಶೀಟು ಕಟ್ಟಿಕೊಂಡರು, ಟಾರ್ಪಾಲು ಎಳೆದುಕೊಂಡರು, ಅಟ್ಟ ಹಾಕಿಕೊಂಡರು. ಮೇಲೆ ಯಾರೂ ಹೋಗಲಿಲ್ಲ. ದೇಶದ ಯಾವ ಊರಿನ ಪಾಲಿಕೆ ಮಳಿಗೆಗೆ ಹೋದರೂ ಕಥೆ ಹೆಚ್ಚುಕಮ್ಮಿ ಇದೇ. ಬಾಡಿಗೆ ಕಡಿಮೆ, ಗುಡ್‌ವಿಲ್ ಮಾತ್ರ ಲಕ್ಷಗಟ್ಟಲೆ, ಕಾಗದದ ಮೇಲೆ ಒಬ್ಬರು, ಗಲ್ಲಾ ಮೇಲೆ ಇನ್ನೊಬ್ಬರು.

ಒಂದು ದಿನ ಮಾತ್ರ ಈ ರಸ್ತೆಯ ಹಳೇ ಕಟ್ಟಡಗಳ ಮೇಲೆ ಜನ ಹತ್ತುತ್ತಾರೆ. ವಿಜಯದಶಮಿ. ಜಂಬೂಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪಕ್ಕೆ ಹೋಗುವುದು ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ. ಅಂಬಾರಿ ನೋಡಲು ತಾರಸಿಗಿಂತ ಒಳ್ಳೇ ಜಾಗ ಇಲ್ಲ, ಅಲ್ವಾ? ಶಿಥಿಲ ಕಟ್ಟಡ ಹತ್ತಬೇಡಿ ಅಂತ ಎಚ್ಚರಿಕೆ ಕೊಡುತ್ತಾರೆ, ಪೊಲೀಸರು ಕೆಳಗಿಳಿಸುತ್ತಾರೆ. 364 ದಿನ ಯಾರೂ ನೋಡದ ತಾರಸಿಗೆ ಆ ಒಂದು ದಿನ ಅಷ್ಟೊಂದು ಕಣ್ಣು.

2012ರ ನಂತರ ಲ್ಯಾನ್ಸ್‌ಡೌನ್ ಕಟ್ಟಡದ ಅಂಗಡಿಗಳನ್ನು ಖಾಲಿ ಮಾಡಿಸಿದರು. ಹಳೇ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಜಾಗ ಅದು. ಪರೀಕ್ಷೆಗೆ ಮುಂಚೆ ಅರ್ಧ ಬೆಲೆಗೆ ಗೈಡು ಕೊಂಡು, ಪರೀಕ್ಷೆ ಆದ ಮೇಲೆ ಅಲ್ಲೇ ಮಾರಿದ ಹುಡುಗರು ಎಷ್ಟು ಜನವೋ. ಖಾಲಿ ಮಾಡಿಸಿದ್ದು ಆ ಹೊತ್ತಿಗೆ ಸರಿ. ನಾಲ್ಕು ಜೀವ ಹೋಗಿತ್ತು. ಆದರೆ ಖಾಲಿ ಮಾಡಿಸಿ ಸುಮ್ನೆ ಬಿಟ್ಟರೆ ಏನಾಗುತ್ತದೆ? ಜನ ಇರುವ ಕಟ್ಟಡ ಸೋರಿದರೆ ಯಾರಾದರೂ ಕೂಗುತ್ತಾರೆ. ಖಾಲಿ ಕಟ್ಟಡ ಸೋರಿದರೆ ಕೂಗುವವರೂ ಇಲ್ಲ. ತೀರ್ಮಾನ ಆಗದೆ ಹೋದ ಪ್ರತಿ ಮಳೆಗಾಲವೂ ಒಂದು ತೀರ್ಮಾನವೇ. ಅದು ಯಾವಾಗಲೂ ಕೆಡವುವವರ ಪರ.

ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ತಜ್ಞರೇ ಎರಡು ಪಾಲಾದರು. ಸರ್ಕಾರ ನೇಮಿಸಿದ ಸಮಿತಿಯ ಅಭಿಪ್ರಾಯ, ಕಟ್ಟಡ ಸುರಕ್ಷಿತವಲ್ಲ, ಕೆಡವಿ ಅದೇ ಶೈಲಿಯಲ್ಲಿ ಕಟ್ಟುವುದು ಮೇಲು ಅಂತ. ಪರಂಪರೆ ಉಳಿಸಲು ದುಡಿಯುವ ಸಂಸ್ಥೆ ಇಂಟ್ಯಾಕ್ ಕಡೆಯವರ ಅಭಿಪ್ರಾಯ, ದುರಸ್ತಿ ಮಾಡಿ ಉಳಿಸಬಹುದು ಅಂತ. ರಾಜಮನೆತನದವರೂ ಕೆಡವುವುದು ಬೇಡ ಅಂದರು. ವ್ಯಾಪಾರಿಗಳು ಕೋರ್ಟಿಗೆ ಹೋದರು. ಕೊನೆಗೆ 2023ರಲ್ಲಿ ಹೈಕೋರ್ಟ್, ಕೆಡವಿ ಕಟ್ಟುವ ಸರ್ಕಾರದ ನಿರ್ಧಾರಕ್ಕೆ ಅಡ್ಡ ಬರಲಿಲ್ಲ. ಹೆಬ್ಬಾಗಿಲು ಬಿದ್ದು ಆಗಲೇ ಏಳು ವರ್ಷ.

ತಜ್ಞರಲ್ಲಿ ಯಾರು ಸರಿ ಅನ್ನುವುದಕ್ಕಿಂತ ನನಗೆ ಕಾಡುವುದು ಅವರಿಗೆ ಕೇಳಿದ ಪ್ರಶ್ನೆ. ಕಟ್ಟಡ ನಿಲ್ಲುತ್ತದಾ, ಇಲ್ಲವಾ ಅಂತ ಕೇಳಿದರು. ಇಂಜಿನಿಯರ್‌ಗೆ ಹಾಗೆ ಕೇಳಿದರೆ ಅವರು ಕ್ಷೇಮದ ಕಡೆಗೇ ವಾಲುತ್ತಾರೆ. ತಪ್ಪಲ್ಲ ಅದು. ನಾಳೆ ಬಿದ್ದರೆ ಸಹಿ ಹಾಕಿದವರನ್ನೇ ತಾನೆ ಹಿಡಿಯುವುದು. ಯಾವ ಭಾಗ ಎಷ್ಟು ಹಾಳಾಗಿದೆ, ಎಷ್ಟನ್ನು ಉಳಿಸಬಹುದು, ಎಷ್ಟನ್ನು ಹೊಸದಾಗಿ ಕಟ್ಟಬೇಕು, ದುರಸ್ತಿ ಆದ ಮೇಲೆ ವರ್ಷಾವರ್ಷ ನೋಡಿಕೊಳ್ಳುವ ಹಣ ಎಲ್ಲಿಂದ ಅಂತ ಕೇಳಿದ್ದರೆ ಉತ್ತರವೂ ಬೇರೆ ಥರ ಬರುತ್ತಿತ್ತು. ಇಷ್ಟು ಉದ್ದದ ಕಟ್ಟಡ ಎಲ್ಲ ಕಡೆ ಒಂದೇ ಸ್ಥಿತಿಯಲ್ಲಿ ಇರಲು ಸಾಧ್ಯವೇ ಇಲ್ಲ.

ಕಾನೂನಿನ ಕಡೆಯೂ ಒಂದು ತೊಡಕಿದೆ. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಪುರಾತತ್ವ ಕಾಯ್ದೆಯಡಿ ಸಂರಕ್ಷಿತ ಸ್ಮಾರಕ ಆಗುವುದು ಬೇರೆ. ಮೊದಲನೆಯದು ಗೌರವ, ಎರಡನೆಯದು ರಕ್ಷಣೆ. ದೇವಸ್ಥಾನ, ಕೋಟೆಗೆ ಎರಡನೆಯದು ಒಪ್ಪುತ್ತದೆ. ದಿನಾ ಸೌತೆಕಾಯಿ ಮಾರುವ ಜಾಗವನ್ನು ಸ್ಮಾರಕ ಮಾಡಿದರೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು. ಮುಂಬೈಯಲ್ಲಿ 1995ರಿಂದ ಕಟ್ಟಡಗಳನ್ನು ಮೂರು ದರ್ಜೆ ಮಾಡಿ, ಯಾವುದಕ್ಕೆ ಎಷ್ಟು ಬದಲಾವಣೆ ಒಪ್ಪಿಗೆ ಅಂತ ನಗರದ ಕಟ್ಟಡ ನಿಯಮದಲ್ಲೇ ಸೇರಿಸಿದ್ದಾರೆ. ಮಾರುಕಟ್ಟೆಗೆ ಬೇಕಾದದ್ದು ಆ ಥರದ ನಡುವಿನ ದಾರಿ.

ಮಾಸ್ಟರ್ ಪ್ಲಾನ್ ನಕ್ಷೆ ತೆಗೆದು ನೋಡಿ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ. ಮಾಲ್ ಕೂಡ ನೀಲಿ, ದೇವರಾಜ ಮಾರುಕಟ್ಟೆ ಕೂಡ ನೀಲಿ. ಎಸಿ ಶೋರೂಮ್‌ಗೂ ಮೊಳ ಹೂವು ಮಾರುವ ಹೆಂಗಸಿಗೂ ನಕ್ಷೆಯಲ್ಲಿ ಒಂದೇ ಬಣ್ಣ. ಹಾಗಾಗಿ ನಾಳೆ ಹಳೇ ಶೈಲಿಯ ಕಮಾನುಗಳಿರುವ ಹೊಸ ಕಟ್ಟಡ ಕಟ್ಟಿ, ಒಳಗೆ ಬಾಳೆಹಣ್ಣಿನ ಬದಲು ಮೊಬೈಲ್ ಅಂಗಡಿ ತುಂಬಿದರೂ ಭೂಬಳಕೆ ಬದಲಾಗಲಿಲ್ಲ ಅಂತಲೇ ಲೆಕ್ಕ. ಉಳಿಸಬೇಕು ಅನ್ನುವವರಲ್ಲೂ ಬಹಳ ಜನ ಕಮಾನಿನ ಬಗ್ಗೆ ಮಾತಾಡಿದರು. ಬಾಡಿಗೆಯ ಬಗ್ಗೆ ಮಾತಾಡಿದವರು ಕಡಿಮೆ.

ಮಲೇಷ್ಯಾದ ಪೆನಾಂಗ್‌ನಲ್ಲಿ ಜಾರ್ಜ್‌ಟೌನ್ ಅಂತ ಹಳೇ ಪೇಟೆ ಇದೆ. ಅಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಷ್ಟು ದಿನ ಹಳೇ ಅಂಗಡಿ ಮನೆಗಳಲ್ಲಿ ಸಣ್ಣ ಕಸುಬಿನವರು ಬದುಕಿದ್ದರು, ಕಟ್ಟಡಗಳು ಸೊರಗಿದವು. 2000ದಲ್ಲಿ ನಿಯಂತ್ರಣ ತೆಗೆದರು. ಬಾಡಿಗೆ ಏರಿತು, ಹಳಬರು ಜಾಗ ಬಿಟ್ಟರು. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಗೋಡೆಗಳು ಉಳಿದಿದ್ದವು, ಒಳಗಿದ್ದವರಲ್ಲಿ ಎಷ್ಟೋ ಜನ ಹೋಗಿಯಾಗಿತ್ತು. ಬಾಡಿಗೆ ತೀರಾ ಕಡಿಮೆಯಾದರೆ ತಾರಸಿ ಬೀಳುತ್ತದೆ, ತೀರಾ ಜಾಸ್ತಿಯಾದರೆ ಮನುಷ್ಯರು ಬೀಳುತ್ತಾರೆ. ಎರಡರ ನಡುವೆ ಎಲ್ಲೋ ಒಂದು ಅಂಕಿ ಇದೆ. ಅದನ್ನು ಹುಡುಕುವ ಕೆಲಸ ನೀರಸ, ಅದಕ್ಕೇ ಯಾರೂ ಕೈ ಹಾಕುವುದಿಲ್ಲ.

ಕೆಡವಿ ಹಾಗೇ ಕಟ್ಟುವುದು ಕೆಟ್ಟದ್ದು ಅಂತ ನಾನು ಹಟ ಹಿಡಿಯುವುದಿಲ್ಲ. ಮೈಸೂರಿಗೆ ಅದು ಹೊಸತೂ ಅಲ್ಲ. 1897ರಲ್ಲಿ ಮರದ ಅರಮನೆ ಸುಟ್ಟು ಹೋಗಿದ್ದಕ್ಕೇ ತಾನೆ ಹೆನ್ರಿ ಇರ್ವಿನ್ ಕೈಯಲ್ಲಿ ಈಗಿನ ಅರಮನೆ ಎದ್ದದ್ದು, 1912ಕ್ಕೆ ಮುಗಿದದ್ದು. ಪುದುಚೇರಿಯ ಕಡಲ ತೀರದಲ್ಲಿ ಮೇರಿ ಅಂತ ಹಳೇ ಪುರಸಭೆ ಕಟ್ಟಡ ಇತ್ತು. 2014ರ ನವೆಂಬರ್ ಮಳೆಯಲ್ಲಿ ಪೂರ್ತಿ ನೆಲಕ್ಕೆ ಬಿತ್ತು. ಅದನ್ನು ಅದೇ ರೂಪದಲ್ಲಿ ಮತ್ತೆ ಕಟ್ಟಿ 2021ರಲ್ಲಿ ತೆರೆದರು. ನೋಡಲು ಚೆಂದವಾಗಿದೆ. ಆದರೆ ಅದು ಒಂದು ಕಚೇರಿ. ಏಳು ವರ್ಷ ಕಾಯಬಹುದು. ಹೂವಿನ ವ್ಯಾಪಾರಿ ಏಳು ವರ್ಷ ಕಾಯಲು ಆಗುತ್ತದಾ? ತಾತ್ಕಾಲಿಕವಾಗಿ ಬೇರೆ ಮೈದಾನಕ್ಕೆ ಹೋಗಿ ಅಂದಾಗ ವ್ಯಾಪಾರಿಗಳು ಹೆದರಿದ್ದು ಸುಳ್ಳು ಹೆದರಿಕೆ ಅಲ್ಲ. ಇದೇ ಊರಿನ ಪುರಭವನದ ಆವರಣದಲ್ಲಿ ವಾಹನ ನಿಲ್ಲಿಸುವ ನೆಲಮಾಳಿಗೆ ಕೆಲಸ ಎಷ್ಟು ವರ್ಷ ಎಳೆಯಿತು ಅಂತ ಅವರು ಕಣ್ಣಾರೆ ಕಂಡಿದ್ದಾರೆ. ಗಿರಾಕಿಯ ಕಾಲು ಒಂದು ಸಲ ಬೇರೆ ಕಡೆ ತಿರುಗಿದರೆ ವಾಪಸ್ ತರುವುದು ಕಷ್ಟ.

ನನ್ನನ್ನು ಕೇಳಿದ್ದರೆ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಮಾರುಕಟ್ಟೆಯನ್ನು ನಾಲ್ಕೋ ಐದೋ ತುಂಡು ಮಾಡಿಕೊಂಡು ಒಂದೊಂದೇ ತುಂಡನ್ನು ಖಾಲಿ ಮಾಡಿಸಿ, ರಿಪೇರಿ ಮಾಡಿ ಅಥವಾ ಕಟ್ಟಿ, ಅದೇ ಜನರನ್ನು ಅಲ್ಲೇ ವಾಪಸ್ ಕೂರಿಸಿದ ಮೇಲೆ ಮುಂದಿನ ತುಂಡು ಮುಟ್ಟಬೇಕಿತ್ತು. ಬಾಡಿಗೆಯನ್ನು ಮಾಲಿಗೆ ತಕ್ಕ ಹಾಗೆ, ಹೂವಿಗೊಂದು ದರ, ಪಾತ್ರೆಗೊಂದು ದರ ಮಾಡಬೇಕಿತ್ತು. ಆ ಹಣದಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗಬೇಕು, ಮಾರುಕಟ್ಟೆಯ ಚಾವಣಿ ಬಿಟ್ಟು ಬೇರೆ ಯಾವುದಕ್ಕೂ ತೆಗೆಯುವ ಹಾಗಿರಬಾರದು. ಖಾತೆಗೆ ಪಾಲಿಕೆಯವರೊಬ್ಬರು, ವ್ಯಾಪಾರಿಗಳವರೊಬ್ಬರು ಇಬ್ಬರ ಸಹಿ. ಇದರಲ್ಲಿ ಯಾವುದೂ ದೊಡ್ಡ ತಲೆ ಓಡಿಸುವ ಸಂಗತಿಯಲ್ಲ. ನಿಧಾನದ ಕೆಲಸ, ಅಷ್ಟೇ. ಶಂಕುಸ್ಥಾಪನೆಯ ಫೋಟೋಗೆ ಒದಗುವುದಿಲ್ಲ.

ಒಂದು ಸಣ್ಣ ಸಂಗತಿ ಹೇಳಬೇಕು. ಹೂವಿನ ಸಾಲಿನಲ್ಲಿ ಮಾರುವವರು ಎತ್ತರದ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ಗಿರಾಕಿ ಓಣಿಯಲ್ಲಿ ನಿಂತಿರುತ್ತಾರೆ. ಕೂತವರ ಮುಖ, ನಿಂತವರ ಮುಖ ಎರಡೂ ಒಂದೇ ಎತ್ತರಕ್ಕೆ ಬರುತ್ತವೆ. "ಎಷ್ಟು ಮಾರು ಬೇಕಕ್ಕಾ?" ಅಂತ ಕೇಳುವಾಗ ಯಾರೂ ಬಗ್ಗಬೇಕಿಲ್ಲ, ಯಾರೂ ತಲೆ ಎತ್ತಬೇಕಿಲ್ಲ. ಎರಡು ಕೈ ಚಾಚಿ ಮಾರು ಹಾಕಲು ಪಕ್ಕದವರಿಗೆ ತಾಗದಷ್ಟು ಜಾಗವೂ ಇರುತ್ತದೆ. ಹತ್ತು ಅಡಿಗೆ ಹತ್ತು ಅಡಿಯ ಶಟರ್ ಮಳಿಗೆಯಲ್ಲಿ ಇದು ಬರುವುದಿಲ್ಲ. ಹೊಸ ಮಾರುಕಟ್ಟೆಯ ನಕ್ಷೆಯನ್ನು ಯಾರಾದರೂ ನನ್ನ ಮುಂದೆ ಹರಡಿದರೆ ಕಮಾನು ಎಷ್ಟಿವೆ ಅಂತ ಎಣಿಸಲು ಹೋಗುವುದಿಲ್ಲ. ಮೊದಲು ಆ ಕಟ್ಟೆ ಎಲ್ಲಿದೆ ಅಂತ ಹುಡುಕುತ್ತೇನೆ. ಆಮೇಲೆ, ತಾರಸಿಗೆ ಹತ್ತುವ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳುತ್ತೇನೆ.